ಚಿಲಕವಿಲ್ಲದ ಬಾಗಿಲು

ನಾನು ಚಿಕ್ಕವಳಿದ್ದಾಗ ನಮ್ಮ ಕಡೆಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಬಹಳ. ಮಧುಗಿರಿ ದಾಟಿ ಪಾವಗಡದ ಕಡೆಗೆ ಹೋದಷ್ಟೂ ಅಂಥ ಮನೆಗಳೇ ಕಾಣುತ್ತಿದ್ದವು. ಯುಗಾದಿ ಮುಗಿದು ಮುಂಗಾರು ಹಿಡಿಯುವುದರೊಳಗೆ ಪ್ರತಿ ಮನೆಯವರಿಗೂ ಒಂದು ಕೆಲಸ ಕಾದಿರುತ್ತಿತ್ತು. ಚೌಳು ಮಣ್ಣನ್ನು ಗಾಡಿಯಲ್ಲಿ ಹೇರಿಕೊಂಡು ಬಂದು, ಮಾಳಿಗೆಯ ಮೇಲೆ ಹರಡಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಬೇಕು. ಹಾಗೆ ಮಾಡದಿದ್ದರೆ ಮೊದಲನೆಯ ಮಳೆಗೇ ಮನೆಯೊಳಗೆ ಪಾತ್ರೆ ಇಡಬೇಕಾಗುತ್ತದೆ. ಅಪ್ಪ ಜಾತ್ರೆಗೋ ನೆಂಟರ ಮನೆಗೋ ಹೊರಟರೆ ಅಮ್ಮ ಬಾಗಿಲಲ್ಲಿ ನಿಂತು, "ಮೊದ್ಲು ಮಾಳಿಗೆಗೆ ಮಣ್ಣು ಹಾಕ್ಸಿ, ಆಮೇಲೆ ಎಲ್ಲಿಗಾದ್ರೂ ಹೋಗಿ" ಎನ್ನುತ್ತಿದ್ದಳು. ಅದಕ್ಕೆ ಯಾರೂ ರಿಪೇರಿ ಎಂಬ ದೊಡ್ಡ ಹೆಸರು ಕೊಟ್ಟಿರಲಿಲ್ಲ. ಉಗಾದಿಗೆ ಸುಣ್ಣ ಬಳಿಯುವ ಹಾಗೆ, ಸೋಮವಾರ ಸಾರಿಸುವ ಹಾಗೆ ಅದೂ ಒಂದು ಮನೆಗೆಲಸ.

ಈ ಮಾತು ಏಕೆ ಹೇಳುತ್ತಿದ್ದೇನೆಂದರೆ, ಅಂಥ ಮನೆಯಿಂದ ಹೊರಟ ನಾನು 1988ರಲ್ಲಿ ಡಿಗ್ರಿ ಓದಲು ತುಮಕೂರಿಗೆ ಹೋಗಿ ಒಂದು ಹಾಸ್ಟೆಲ್ಲಿಗೆ ಸೇರಿದಾಗ, ನನಗೆ ಮೊದಲು ವಿಚಿತ್ರವೆನಿಸಿದ್ದು ಊಟವಲ್ಲ, ಪೇಟೆಯ ಗದ್ದಲವಲ್ಲ. ಅಷ್ಟು ದೊಡ್ಡ ಕಟ್ಟಡಕ್ಕೆ "ಮಾಳಿಗೆಗೆ ಮಣ್ಣು ಹಾಕ್ಸಿ" ಎಂದು ಹೇಳುವವರು ಒಬ್ಬರೂ ಇರಲಿಲ್ಲ.

ಆ ಹಾಸ್ಟೆಲ್ಲು ಯಾವುದು, ಯಾರು ನಡೆಸುತ್ತಿದ್ದರು ಎಂಬುದನ್ನು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ, ಆ ಕಟ್ಟಡ ಈಗ ಇಲ್ಲ. ಹಳೆಯ ಕಾಲದ ಮನೆಯೊಂದನ್ನು ಬಾಡಿಗೆಗೆ ಹಿಡಿದು ಹಾಸ್ಟೆಲ್ಲು ಮಾಡಿದ್ದರು. ನಮ್ಮ ಕೋಣೆಯಲ್ಲಿ ನಾವು ನಾಲ್ಕು ಜನ. ಯಾವ ಪುಣ್ಯಾತ್ಮರು ಹಂಚಿದರೋ ಕಾಣೆ, ಒಬ್ಬಳು ಮಧುಗಿರಿ ತಾಲ್ಲೂಕಿನವಳು, ಒಬ್ಬಳು ಶಿರಾ, ಒಬ್ಬಳು ಕೊರಟಗೆರೆ, ಒಬ್ಬಳು ಪಾವಗಡ. ಹೆಸರು ಹಿಡಿದು ಕರೆಯುವುದನ್ನು ವಾರದೊಳಗೆ ಮರೆತು "ಏ ಶಿರಾ, ಬಕೆಟ್ ಕೊಡೇ", "ಮಧುಗಿರಿ, ನಿಂಗೆ ಕಾಗದ ಬಂದಿದೆ" ಎಂದು ಊರಿನ ಹೆಸರಿನಿಂದಲೇ ಕರೆಯತೊಡಗಿದೆವು. ಈಗ ಈ ನಾಲ್ಕು ತಾಲ್ಲೂಕುಗಳೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಇಲಾಖೆಯ ಸುತ್ತೋಲೆಯಲ್ಲಿ ಆ ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದಾಗಲೆಲ್ಲಾ ನನಗೆ ಆ ಕೋಣೆಯ ನಾಲ್ಕು ಟ್ರಂಕುಗಳು ಕಣ್ಣ ಮುಂದೆ ಬರುತ್ತವೆ.

ನಾಲ್ವರಿಗೂ ಹಾಸ್ಟೆಲ್ಲು ಒಂದೇ ಆಗಿರಲಿಲ್ಲ. ಕೊರಟಗೆರೆ ತುಮಕೂರಿಗೆ ಹತ್ತಿರ, ಹಾಸ್ಟೆಲ್ಲು ಬೇಸರವಾದರೆ ಬಸ್ಸಿನಲ್ಲಿ ಓಡಾಡಿಕೊಂಡೇ ಓದಬಹುದು. ಮಧುಗಿರಿಯವಳಿಗೂ ಶಿರಾದವಳಿಗೂ ಕಷ್ಟಪಟ್ಟರೆ ಅದು ಆಗುವ ಮಾತು. ಪಾವಗಡಕ್ಕೆ ಸುಮಾರು ನೂರು ಕಿಲೋಮೀಟರು. ಮೂರು ಕಡೆ ಆಂಧ್ರದ ಗಡಿ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಲ್ಲಿಂದ ಬಂದ ಹುಡುಗಿಗೆ ಹಾಸ್ಟೆಲ್ಲು ಇದ್ದರೆ ಕಾಲೇಜು ಉಂಟು, ಇಲ್ಲದಿದ್ದರೆ ಇಲ್ಲ.

ಬಾಡಿಗೆ ಕಟ್ಟಡದ ಕಥೆ ನಿಮಗೂ ಗೊತ್ತಿರಬಹುದು. ನಮ್ಮ ಕೋಣೆಯ ಮೂಲೆ ಸೋರುತ್ತಿತ್ತು. ನೀರಿನ ಕೊಳವೆ ಜೋಡಣೆಯ ಹತ್ತಿರ ಬಿರಿದು ಹಗಲೂ ರಾತ್ರಿ ತೊಟ್ಟಿಕ್ಕುತ್ತಿತ್ತು. ಹಿಂದಿನ ಎರಡು ಬಚ್ಚಲುಗಳಲ್ಲಿ ಒಂದಕ್ಕೆ ಒಳಗಿನ ಚಿಲಕವಿರಲಿಲ್ಲ, ಕಿತ್ತುಹೋಗಿ ನಾಲ್ಕು ತಿರುಪು ಮೊಳೆಯ ತೂತು ಮಾತ್ರ ಉಳಿದಿತ್ತು. ವಾರ್ಡನ್ನರನ್ನು ಕೇಳಿದರೆ, "ಕಟ್ಟಡ ನಮ್ಮದಲ್ಲಮ್ಮ, ಮಾಲೀಕರು ಮಾಡಿಸ್ಬೇಕು" ಎನ್ನುತ್ತಿದ್ದರು. ಮಾಲೀಕರನ್ನು ಕೇಳಿದರೆ, "ನೀವು ಕೊಡೋ ಬಾಡಿಗೆಗೆ ಇಷ್ಟೇ, ಬೇಕಾದ್ರೆ ಆಫೀಸಿನವರೇ ಮಾಡಿಸ್ಕೊಳ್ಳಲಿ" ಎನ್ನುತ್ತಿದ್ದರು. ಆಫೀಸಿನಲ್ಲಿ ಕೇಳಿದರೆ, ಖಾಸಗಿಯವರ ಆಸ್ತಿಗೆ ಸರ್ಕಾರದ ದುಡ್ಡು ಹಾಕಲು ಬರುವುದಿಲ್ಲ. ಮೂವರ ಮಾತೂ ಅವರವರ ಮಟ್ಟಿಗೆ ಸರಿ. ಮೂವರೂ ಕೆಟ್ಟವರಲ್ಲ. ಆದರೆ ಮೂವರ ನಡುವೆ ನಮ್ಮ ಬಾಗಿಲಿಗೆ ಚಿಲಕ ಬರಲಿಲ್ಲ.

ನಾವು ಅರ್ಜಿ ಬರೆದೆವು. ಶಿರಾದವಳ ಅಕ್ಷರ ಮುತ್ತಿನಂಥದು, ಆಫೀಸಿನ ಭಾಷೆಯೂ ಅವಳಿಗೆ ಬರುತ್ತಿತ್ತು. "ಮಾನ್ಯರೇ" ಎಂದು ಶುರು ಮಾಡಿ, ಒಂದು ಮಾಳಿಗೆ ಸೋರುವುದು, ಎರಡು ನೀರಿನ ಕೊಳವೆ, ಮೂರು ಬಚ್ಚಲಿನ ಚಿಲಕ ಎಂದು ಪಟ್ಟಿ ಮಾಡಿದಳು. ಚಿಲಕ ಎಲ್ಲಕ್ಕಿಂತ ಚಿಕ್ಕದು, ಅದಕ್ಕೇ ಕೊನೆಗೆ ಬಂತು. ಅದಕ್ಕೆ ಉತ್ತರವಿಲ್ಲ. ತಿಂಗಳು ಬಿಟ್ಟು ಇನ್ನೊಂದು ಕೊಟ್ಟೆವು. ಆಮೇಲೆ ಮತ್ತೊಂದು. ಅಷ್ಟರಲ್ಲಿ ಕೊರಟಗೆರೆಯವಳು ತನ್ನ ಹಳೆಯ ಲಂಗದ ಲಾಡಿಯನ್ನು ಒಳಗಿನ ಮೊಳೆಗೆ ಕಟ್ಟಿ, ಬಾಗಿಲಿನ ತೂತಿಗೆ ಪೋಣಿಸಿ, ಒಂದು ಗಂಟು ಹಾಕುವ ಉಪಾಯ ಮಾಡಿದಳು. "ಇದು ನಮ್ಮ ಕೊರಟಗೆರೆ ಕೋಟೆ ಬೀಗ ಕಣ್ರೇ" ಎಂದು ನಗಿಸಿದಳು. ನಾವೂ ನಕ್ಕೆವು. ಒಬ್ಬಳು ಸ್ನಾನಕ್ಕೆ ಹೋದರೆ ಇನ್ನೊಬ್ಬಳು ಹೊರಗೆ ಕಾವಲು ನಿಲ್ಲುವುದು ಎಂದಾಯಿತು. ಹೀಗೆ ಒಂದು ವರ್ಷ ಕಳೆಯಿತು.

ಇಲ್ಲಿ ನನ್ನದೊಂದು ಮಾತನ್ನು ಒಪ್ಪಿಕೊಳ್ಳಬೇಕು. ಒಂದು ದಿನ ಪಾವಗಡದವಳು, "ಅಕ್ಕ, ನಾವೇ ದುಡ್ಡು ಹಾಕಿ ಒಂದು ಚಿಲಕ ತಂದ್ಬಿಡೋಣ, ಆರು ರೂಪಾಯಂತೆ" ಎಂದಳು. ನಮಗಿಂತ ಒಂದು ವರ್ಷ ಕಿರಿಯಳು, ಅಕ್ಕ ಎಂದೇ ಕರೆಯುತ್ತಿದ್ದಳು. ಆರು ರೂಪಾಯಿ ಎಂದರೆ ಆಗ ಇಬ್ಬರು ಮಸಾಲೆ ದೋಸೆ ತಿನ್ನುವ ದುಡ್ಡು. ನಾನು ಆಗಷ್ಟೇ ಕಾಲೇಜಿನ ಚರ್ಚಾಕೂಟಗಳಲ್ಲಿ ಮಾತಾಡಲು ಕಲಿತಿದ್ದೆ. "ನಾವ್ಯಾಕೆ ಹಾಕ್ಬೇಕು? ಅದು ಅವರ ಕೆಲಸ, ನಮ್ಮ ಹಕ್ಕು. ನಾವು ಹಾಕಿದ್ರೆ ನಾಳೆ ಮಾಳಿಗೇನೂ ನೀವೇ ರಿಪೇರಿ ಮಾಡ್ಕೊಳ್ಳಿ ಅಂತಾರೆ" ಎಂದು ದೊಡ್ಡ ಭಾಷಣ ಮಾಡಿದೆ. ಅವಳು ಸುಮ್ಮನಾದಳು. ಮಾತು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ಆ ದಿನ ಅವಳಿಗೆ ಬೇಕಾಗಿದ್ದು ಮಾತಲ್ಲ.

1989ರ ಶ್ರಾವಣದಲ್ಲಿ ನಮ್ಮ ಮೂರನೆಯ ಅರ್ಜಿಗೆ ಫಲ ಬಂತು. ಕೊಳವೆ ನೋಡಲು ಮಾಲೀಕರು ಒಬ್ಬ ಆಳನ್ನು ಕಳಿಸಿದರು. ಅವನು ಬೆಳಗಿನ ಜಾವ, ಯಾರಿಗೂ ಹೇಳದೆ, ಹಿತ್ತಲ ಕಡೆಯಿಂದ ಬಂದ. ಕಾವಲಿಗೆ ನಿಂತಿದ್ದ ನಾನು ಸೋಪಿನ ಡಬ್ಬಿ ಮರೆತೆನೆಂದು ಕೋಣೆಗೆ ಹೋಗಿದ್ದೆ. ಅವನು ಬಾಗಿಲು ನೂಕಿದ, ಲಾಡಿ ಕಿತ್ತುಬಂತು. ಒಳಗೆ ಪಾವಗಡದವಳು ಸ್ನಾನ ಮಾಡುತ್ತಿದ್ದಳು. "ಗೊತ್ತಾಗ್ಲಿಲ್ಲ ಕಣಮ್ಮ" ಎಂದು ಅವನು ಹೊರಟುಹೋದ. ಹೋಗುವಾಗ ನಕ್ಕನೋ ಇಲ್ಲವೋ ನಾನು ನೋಡಲಿಲ್ಲ. ಅವಳಿಗೆ ನಕ್ಕ ಹಾಗೆ ಕೇಳಿಸಿತು.

ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. ಎರಡು ದಿನ ಸ್ನಾನ ಮಾಡಲಿಲ್ಲ, ಕಾಲೇಜಿಗೂ ಹೋಗಲಿಲ್ಲ. "ಯಾರಿಗೂ ಹೇಳ್ಬೇಡಕ್ಕ" ಎಂದು ನನ್ನ ಕೈ ಹಿಡಿದು ಕೇಳಿದಳು. ಗೌರಿ ಹಬ್ಬಕ್ಕೆ ಊರಿಗೆ ಹೋದವಳು ವಾಪಸು ಬರಲಿಲ್ಲ. ಅವಳ ಅಣ್ಣ ಬಂದು ಟ್ರಂಕು ತೆಗೆದುಕೊಂಡು ಹೋದ. ಹೊಟ್ಟೆನೋವು, ಪೇಟೆಯ ನೀರು ಒಗ್ಗಲಿಲ್ಲ ಎಂದ. ಮುಂದಿನ ವೈಶಾಖದಲ್ಲಿ ಅವಳ ಮದುವೆಯ ಕರೆಯೋಲೆ ಬಂತು.

ಅವಳು ಹೋದ ವಾರದಲ್ಲಿ ಕೊರಟಗೆರೆಯವಳು ಒಬ್ಬಳೇ ಪೇಟೆಗೆ ಹೋಗಿ ಚಿಲಕ, ನಾಲ್ಕು ತಿರುಪು ಮೊಳೆ ತಂದಳು. ಎದುರು ಮನೆಯವರ ಹತ್ತಿರ ಸ್ಕ್ರೂಡ್ರೈವರ್ ಇಸಿದುಕೊಂಡು ಮೂವರೂ ಸೇರಿ ಹಾಕಿದೆವು. ಹತ್ತು ನಿಮಿಷದ ಕೆಲಸ. ಯಾರೂ ಮಾತಾಡಲಿಲ್ಲ.

ನಾನು ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರಾದೆ. ಇತಿಹಾಸ ಪಾಠ ಮಾಡುವಾಗ ನಮ್ಮ ನಾಡಿನಲ್ಲಿ ವಿದ್ಯೆ ಹೇಗೆ ಹರಡಿತು ಎಂಬ ವಿಷಯ ಬಂದಾಗಲೆಲ್ಲಾ ನನ್ನ ಮನಸ್ಸು ಪಠ್ಯಪುಸ್ತಕ ಬಿಟ್ಟು ಆ ಬಾಗಿಲಿನ ಹತ್ತಿರ ಹೋಗುತ್ತದೆ. ಶಾಲೆ ಯಾರು ತೆರೆದರು, ಕಾಲೇಜು ಯಾವಾಗ ಬಂತು ಎಂದು ಬರೆದಿದ್ದಾರೆ. ಹಳ್ಳಿಯಿಂದ ಬಂದ ಮಗು ರಾತ್ರಿ ಎಲ್ಲಿ ಮಲಗಿತು, ಆ ಸೂರು ಸೋರಿದರೆ ಯಾರು ನೋಡಿದರು ಎಂಬುದನ್ನು ಹೆಚ್ಚು ಬರೆದಿಲ್ಲ.

ಗಂಡುಮಕ್ಕಳ ಕಥೆ ಒಂದಿಷ್ಟು ಸಿಗುತ್ತದೆ. ಹಿಂದಿನ ತಲೆಮಾರಿನ ಎಷ್ಟೋ ಬಡ ಹುಡುಗರು ವಾರಾನ್ನ ಮಾಡಿ ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯ ಊಟ. ಮಲಗಲು ದೇವಸ್ಥಾನದ ಪೌಳಿಯೋ, ಛತ್ರವೋ, ಯಾರದಾದರೂ ಜಗಲಿಯೋ. ಆಮೇಲೆ ಹಾಸ್ಟೆಲ್ಲುಗಳು ಬಂದವು. ಮೈಸೂರು ಸಂಸ್ಥಾನದಲ್ಲಿ 1905ರಲ್ಲಿ ಲಿಂಗಾಯತ ವಿದ್ಯಾನಿಧಿ, 1906ರಲ್ಲಿ ಒಕ್ಕಲಿಗರ ಸಂಘ ಶುರುವಾದ ಮೇಲೆ ಒಂದೊಂದು ಸಮುದಾಯವೂ ತನ್ನ ಹಳ್ಳಿಯ ಹುಡುಗರಿಗೆ ಪೇಟೆಯಲ್ಲಿ ಸೂರು ಮಾಡುವ ಯೋಚನೆಗೆ ತೊಡಗಿತು. ನಮ್ಮ ಜಿಲ್ಲೆಯ ಗುಬ್ಬಿಯ ಮೂಲದ ತೋಟದಪ್ಪನವರು ಬೆಂಗಳೂರಿನ ರೈಲ್ವೆ ನಿಲ್ದಾಣದ ಹತ್ತಿರ ಛತ್ರ ಕಟ್ಟಿಸಿ, ಅದನ್ನು ನಡೆಸಿಕೊಂಡು ಹೋಗಲು ತಮ್ಮ ಆಸ್ತಿಯನ್ನೇ ದತ್ತಿ ಮಾಡಿದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಆ ಛತ್ರದ ಆಶ್ರಯದಲ್ಲಿದ್ದ ಹುಡುಗರಲ್ಲೊಬ್ಬರು ಮುಂದೆ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. ಅವರು 1941ರಲ್ಲಿ ಮಠದ ಹೊಣೆ ಹೊತ್ತರು. 2019ರ ಜನವರಿಯಲ್ಲಿ ಅವರು ಶಿವೈಕ್ಯರಾಗುವ ಹೊತ್ತಿಗೆ ಸಾವಿರಾರು ಮಕ್ಕಳು, ಎಲ್ಲ ಜಾತಿಯವರೂ, ಅಲ್ಲಿ ಉಂಡು ಮಲಗಿ ಓದುತ್ತಿದ್ದರು. ಕವಿ ಸಿದ್ಧಲಿಂಗಯ್ಯನವರು ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನಲ್ಲಿದ್ದು ಓದಿದವರು, 'ಊರುಕೇರಿ'ಯಲ್ಲಿ ಆ ದಿನಗಳನ್ನು ಬರೆದಿದ್ದಾರೆ. ಹಾವನೂರು ಆಯೋಗದ ವರದಿ 1975ರಲ್ಲಿ ಬಂತು. ದೇವರಾಜ ಅರಸರ ಕಾಲದಲ್ಲಿ, 1977ರಲ್ಲಿ, ಹಿಂದುಳಿದ ವರ್ಗಗಳಿಗೆ ಬೇರೆ ಇಲಾಖೆಯೇ ಆಯಿತು. ಆಮೇಲೆ ತಾಲ್ಲೂಕು ಪೇಟೆಗಳಲ್ಲೂ ಸರ್ಕಾರಿ ಹಾಸ್ಟೆಲ್ಲುಗಳ ಬೋರ್ಡು ಕಾಣತೊಡಗಿತು. ಕಟ್ಟಡ ಕಟ್ಟುವವರೆಗೆ ಕಾಯದೆ ಎಷ್ಟೋ ಕಡೆ ಬಾಡಿಗೆ ಮನೆಗಳಲ್ಲೇ ಅವು ಶುರುವಾದವು. ಅದು ತಪ್ಪಲ್ಲ. ಕಾದಿದ್ದರೆ ನನ್ನಂಥವರ ವಯಸ್ಸು ಮೀರಿಹೋಗುತ್ತಿತ್ತು.

ಈ ಕಥೆಯಲ್ಲಿ ಹೆಣ್ಣುಮಕ್ಕಳನ್ನು ಇಟ್ಟು ನೋಡಿ. ನಮಗೆ ವಾರಾನ್ನವಿರಲಿಲ್ಲ. ಪ್ರಾಯದ ಹುಡುಗಿ ದಿನಕ್ಕೊಂದು ಮನೆಗೆ ಊಟಕ್ಕೆ ಹೋಗುವುದನ್ನು ಯಾವ ತಾಯಿ ಒಪ್ಪಿಯಾಳು? ಜಗಲಿಯ ಮೇಲೆ ಮಲಗಿ ಬೀದಿದೀಪದಲ್ಲಿ ಓದಿ ದೊಡ್ಡವರಾದ ಮಹನೀಯರ ಕಥೆಗಳನ್ನು ನಾನೇ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆ ಕಥೆಯಲ್ಲಿ ಹುಡುಗಿಯನ್ನು ಹಾಕಿದರೆ ಮೊದಲನೆಯ ರಾತ್ರಿಗೇ ಕಥೆ ನಿಂತುಹೋಗುತ್ತದೆ. ಹುಡುಗನಿಗೆ ಒಂದು ಸೂರು ಸಿಕ್ಕರೆ ಓದು ಸಾಗುತ್ತಿತ್ತು, ಸೂರು ಸೋರಿದರೆ ಪಕ್ಕದ ಜಗಲಿಗೆ ಚಾಪೆ ಎಳೆದುಕೊಳ್ಳುತ್ತಿದ್ದ. ಹುಡುಗಿಗೆ ಗೋಡೆ ಬೇಕು, ಬಾಗಿಲು ಬೇಕು, ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬೇಕು. ಅದರಲ್ಲಿ ಒಂದು ಕೆಟ್ಟರೂ ಊರಿನಿಂದ ಅಣ್ಣ ಬರುತ್ತಾನೆ. ಆದ್ದರಿಂದ ರಿಪೇರಿ ಎನ್ನುವುದು ಹುಡುಗರ ಹಾಸ್ಟೆಲ್ಲಿನಲ್ಲಿ ಅನುಕೂಲದ ಮಾತು, ನಮ್ಮಲ್ಲಿ ಓದಿನ ಮಾತು.

ಕೆಲವು ವರ್ಷಗಳ ಹಿಂದೆ ಬೇಸಿಗೆಯ ಒಂದು ತರಬೇತಿಯಲ್ಲಿ ನಮಗೆ ಶಾಸನಗಳ ವಿಷಯ ಹೇಳಿದರು. ನಮ್ಮ ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಪ್ರಕಟಿಸಿದ್ದಾರೆ. ನಮಗೆ ಪಾಠ ಮಾಡಿದವರು ಹಳೆಯ ಕನ್ನಡ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತನ್ನು ಕಪ್ಪುಹಲಗೆಯ ಮೇಲೆ ಬರೆದರು: ಖಂಡಸ್ಫುಟಿತ ಜೀರ್ಣೋದ್ಧಾರ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು, ಜೀರ್ಣ ಎಂದರೆ ಹಳತಾಗಿ ಸವೆದದ್ದು. ಇವುಗಳನ್ನು ಸರಿಪಡಿಸುವುದಕ್ಕೆ ಎಂದು ಹೆಸರು ಹೇಳಿ, ಇಷ್ಟು ಭೂಮಿ ಎಂದು ಅಳತೆ ಹಾಕಿ, ದೇವಸ್ಥಾನಗಳಿಗೂ ಮಠಗಳಿಗೂ ದಾನ ಬಿಡುತ್ತಿದ್ದರು. ದೇವರ ಪೂಜೆಗೆ, ತಪಸ್ವಿಗಳ ಮತ್ತು ಓದುವ ಹುಡುಗರ ಊಟಕ್ಕೆ ಬಿಟ್ಟ ಹಾಗೆಯೇ ಇದಕ್ಕೂ. ನಾನು ಪುಸ್ತಕದ ಮೇಲೆ ತಲೆ ಬಗ್ಗಿಸಿಕೊಂಡು ಆ ಮಾತನ್ನೇ ಐದಾರು ಸಲ ಬರೆದೆ. ಕಟ್ಟುವ ದಿನವೇ ಅದು ಮುರಿಯುತ್ತದೆ ಎಂದು ಅವರಿಗೆ ಗೊತ್ತಿತ್ತಲ್ಲಾ ಎನಿಸಿತು.

ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಕಂಬದ ಶಾಸನವಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪದ ಎಣ್ಣೆಯ ಖರ್ಚಿಗೆಂದೇ 12 ನಿವರ್ತನ ಭೂಮಿ. ದೀಪಕ್ಕೆ ಬೇರೆ ಜಮೀನು! ನಮ್ಮ ಹಾಸ್ಟೆಲ್ಲಿನಲ್ಲಿ ಬಲ್ಬು ಸುಟ್ಟರೆ ನಾವು ಪಕ್ಕದ ಕೋಣೆಯ ಬೆಳಕಿನಲ್ಲಿ ಓದಿದ್ದು ನೆನಪಾಯಿತು. ಇನ್ನೂ ದೂರದ ಮಾತು ಹೇಳಬೇಕೆಂದರೆ ನಾಲಂದಾ. ಒಂಬತ್ತನೆಯ ಶತಮಾನದಲ್ಲಿ, ಈಗಿನ ಸುಮಾತ್ರಾ ಇರುವ ಸುವರ್ಣದ್ವೀಪದ ದೊರೆ ಬಾಲಪುತ್ರದೇವ ಅಲ್ಲೊಂದು ವಿಹಾರ ಕಟ್ಟಿಸಿದ. ಅವನ ಕೋರಿಕೆಯಂತೆ ಪಾಲ ದೊರೆ ದೇವಪಾಲ ಐದು ಹಳ್ಳಿಗಳ ಉತ್ಪನ್ನ ಬಿಟ್ಟ. ಭಿಕ್ಷುಗಳ ಊಟ ಬಟ್ಟೆಗೆ, ರೋಗಿಗಳ ಔಷಧಕ್ಕೆ, ಗ್ರಂಥ ಬರೆಸುವುದಕ್ಕೆ, ಜೊತೆಗೆ ವಿಹಾರದ ಖಂಡಸ್ಫುಟಿತವನ್ನು ಸರಿಪಡಿಸುವುದಕ್ಕೆ. ನಾಲಂದಾದ ತಾಮ್ರಪಟದಲ್ಲಿಯೂ ಅದೇ ಮಾತು!

ಹಳೆಯದೆಲ್ಲಾ ಚೆನ್ನಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. ಸಾಲೋಟಗಿಯ ಆ 27 ಮನೆಗಳಲ್ಲಿ ಪಾವಗಡದ ರೈತನ ಮಗಳಿಗೆ ಜಾಗವಿರಲಿಲ್ಲ. ನನಗೂ ಇರಲಿಲ್ಲ. ಕೆಲವರಿಗೆ ಮಾತ್ರ ಮೀಸಲಾಗಿದ್ದ ಓದು ಅದು. ಎಲ್ಲರಿಗೂ ಬಾಗಿಲು ತೆರೆದದ್ದು ನಮ್ಮ ಕಾಲ, ಅದರ ಋಣ ನನ್ನ ಮೇಲಿದೆ. ಆದರೆ ಕೆಲವರಿಗಾಗಿ ಕಟ್ಟಿದವರು ರಿಪೇರಿಗೆ ಭೂಮಿ ಬಿಟ್ಟರು, ಎಲ್ಲರಿಗಾಗಿ ಕಟ್ಟುವ ನಾವು ಅಡಿಗಲ್ಲು ಹಾಕಿ, ಉದ್ಘಾಟನೆ ಮಾಡಿ, ಅಮೃತಶಿಲೆಯ ಫಲಕ ಹಾಕಿ ಮನೆಗೆ ಹೋಗುತ್ತೇವೆ. ನಿಮ್ಮೂರಿನ ಯಾವುದಾದರೂ ಸರ್ಕಾರಿ ಕಟ್ಟಡದ ಮುಂದೆ ನಿಂತು ಫಲಕ ಓದಿ. ಶಂಕುಸ್ಥಾಪನೆ ಮಾಡಿದವರು, ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಗೌರವಾನ್ವಿತ ಉಪಸ್ಥಿತಿ ಎಲ್ಲಾ ಇರುತ್ತದೆ. ವರ್ಷಕ್ಕೊಮ್ಮೆ ಮಾಳಿಗೆ ನೋಡುವವರು ಯಾರು, ಅದಕ್ಕೆ ಹಣ ಎಲ್ಲಿಂದ ಎಂಬ ಸಾಲು ಇರುವುದಿಲ್ಲ.

ರಿಪೇರಿಯ ದುಡ್ಡು ಬರುವುದೇ ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಬರುತ್ತದೆ, ಆದರೆ ಬರುವ ದಾರಿ ಉದ್ದ. ಅರ್ಜಿ, ಅದಕ್ಕೆ ಇಂಜಿನಿಯರರ ಅಂದಾಜು ಪಟ್ಟಿ, ಅದಕ್ಕೆ ಮಂಜೂರಾತಿ, ಆಮೇಲೆ ಟೆಂಡರು. ಲಕ್ಷಗಟ್ಟಲೆಯ ಕೆಲಸಕ್ಕೆ ಈ ದಾರಿ ಬೇಕು, ದುಡ್ಡು ಪೋಲಾಗಬಾರದಲ್ಲ. ಆದರೆ ನೂರು ರೂಪಾಯಿಯ ಚಿಲಕವನ್ನೂ ಅದೇ ದಾರಿಯಲ್ಲಿ ನಡೆಸಿದರೆ ಅದು ಬರುವುದರೊಳಗೆ ಹುಡುಗಿ ಹೊರಟುಹೋಗಿರುತ್ತಾಳೆ. ನೋಡದೆ ಬಿಟ್ಟ ಚಿಕ್ಕ ಬಿರುಕೇ ಒಂದು ದಿನ ದೊಡ್ಡದಾಗುತ್ತದೆ. 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಶುರುವಾದ ಮೈಸೂರಿನ ಮಹಾರಾಣಿ ಸಂಸ್ಥೆ ನಮ್ಮ ನಾಡಿನ ಎಷ್ಟೋ ಹೆಂಗಸರ ಓದಿನ ತವರು. ಅದೇ ಪರಂಪರೆಯ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ, ರಸಾಯನಶಾಸ್ತ್ರದ ಪ್ರಯೋಗಶಾಲೆಯ ಕಡೆಯದು, 2022ರ ಅಕ್ಟೋಬರಿನಲ್ಲಿ ಕುಸಿದುಬಿತ್ತು. ಪುಣ್ಯಕ್ಕೆ ಹುಡುಗಿಯರಿಗೆ ಏನೂ ಆಗಲಿಲ್ಲ. ಆ ಸುದ್ದಿಯ ಚಿತ್ರವನ್ನು ಪೇಪರಿನಲ್ಲಿ ನೋಡಿದಾಗ ನನಗೆ ಅಮ್ಮ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತು ನೆನಪಾಯಿತು.

ಪಾವಗಡದವಳನ್ನು ನಾನು ಮತ್ತೆ ನೋಡಿದ್ದು ಇಪ್ಪತ್ತು ವರ್ಷಕ್ಕೂ ಮೇಲೆ. ಒಂದು ಶ್ರಾವಣ ಶನಿವಾರ ಪಾವಗಡದ ಶನಿಮಹಾತ್ಮನ ದೇವಸ್ಥಾನಕ್ಕೆ ಹೋಗಿದ್ದೆ. ಸರತಿಯ ಸಾಲಿನಲ್ಲಿ ಹಿಂದಿನಿಂದ ಯಾರೋ, "ಮಧುಗಿರಿ ಅಕ್ಕ ಅಲ್ವಾ?" ಎಂದರು. ನನ್ನನ್ನು ಹಾಗೆ ಕರೆಯುವವರು ಭೂಮಿಯ ಮೇಲೆ ಮೂರೇ ಜನ. ತಿರುಗಿದರೆ ಅವಳೇ, ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು. ದರ್ಶನ ಮುಗಿಸಿ ಹೊರಗೆ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಾತಾಡಿದೆವು. ಕಡಲೆಕಾಯಿ ಬೆಳೆ ಕೈಕೊಟ್ಟದ್ದು, ಅತ್ತೆಯ ಮಂಡಿನೋವು, ಮಗಳು ಪಿಯುಸಿಯಲ್ಲಿ ಒಳ್ಳೆ ನಂಬರು ತೆಗೆದದ್ದು. ನಾನು ಆ ವಿಷಯ ಎತ್ತಲಿಲ್ಲ. ಎತ್ತಲು ಧೈರ್ಯವಿರಲಿಲ್ಲ. ಹೊರಡುವಾಗ ಅವಳೇ ಕೇಳಿದಳು.

"ಅಕ್ಕ, ಆ ಬಾಗ್ಲಿಗೆ ಆಮೇಲೆ ಚಿಲಕ ಹಾಕ್ಸಿದ್ರಾ?"

ಹಾಕಿದೆವು ಎಂದೆ. ಯಾವಾಗ ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು. "ನೀನು ಹೋದ ವಾರಕ್ಕೇ" ಎಂದೆ. ಅವಳು ಸ್ವಲ್ಪ ಹೊತ್ತು ತನ್ನ ಬಳೆ ತಿರುಗಿಸುತ್ತಾ ಕೂತಳು. ಆಮೇಲೆ, "ಮಗಳನ್ನ ಹಾಸ್ಟೆಲ್ಲಿಗೆ ಸೇರಿಸೋಕೆ ಹೋದಾಗ ನಾನು ರೂಮು ನೋಡ್ಲಿಲ್ಲಕ್ಕ. ಮೊದ್ಲು ಬಚ್ಚಲಿಗೆ ಹೋಗಿ ಒಳಗಿಂದ ಬಾಗ್ಲು ಹಾಕ್ಕೊಂಡು ನೋಡ್ದೆ" ಎಂದಳು. ಆ ಮಗಳು ಡಿಗ್ರಿ ಮುಗಿಸಿದಳು, ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ.

"ನಿನ್ನ ತಪ್ಪಲ್ಲಕ್ಕ" ಎಂದು ಅವಳು ಹೇಳಲಿಲ್ಲ. ಹೇಳಲಿ ಎಂದು ನಾನು ಕಾಯುತ್ತಿದ್ದೆನೆಂದು ಬಸ್ಸು ಹತ್ತಿದ ಮೇಲೆ ನನಗೆ ಗೊತ್ತಾಯಿತು.

ಅಂದಿನಿಂದ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ಹೊರಗೆ ಓದಲು ಹೋಗುವ ಹುಡುಗಿಯರನ್ನು ಕೂರಿಸಿಕೊಂಡು ಕೆಲವು ಮಾತು ಹೇಳುತ್ತೇನೆ. ಹಾಸ್ಟೆಲ್ಲಿಗೆ ಹೋದ ದಿನವೇ ಬಾಗಿಲು, ಚಿಲಕ, ನಲ್ಲಿ, ಬಲ್ಬು ನೋಡಿಕೊಳ್ಳಿ. ಏನು ಕೆಟ್ಟಿದ್ದರೂ ಅರ್ಜಿ ಬರೆಯಿರಿ, ಒಂದೊಂದಕ್ಕೆ ಒಂದೊಂದು ಬೇರೆ ಅರ್ಜಿ, ಪಟ್ಟಿ ಮಾಡಬೇಡಿ, ಚಿಕ್ಕದು ಪಟ್ಟಿಯ ಕೊನೆಯಲ್ಲಿ ಕಳೆದುಹೋಗುತ್ತದೆ. ಎರಡು ಪ್ರತಿ ಬರೆದು ಒಂದರ ಮೇಲೆ ತಾರೀಖು ಹಾಕಿಸಿ ಮೊಹರು ಹಾಕಿಸಿಕೊಳ್ಳಿ. ರಿಪೇರಿಗೆ ಯಾರು ಯಾವಾಗ ಬರುತ್ತಾರೆಂದು ಮೊದಲೇ ತಿಳಿಸಬೇಕು ಎಂದು ಅದೇ ಅರ್ಜಿಯಲ್ಲಿ ಬರೆಯಿರಿ. ಹೆಂಗಸೊಬ್ಬರು ಜೊತೆಯಲ್ಲಿರಬೇಕು ಎಂದೂ ಬರೆಯಿರಿ. ಎಷ್ಟು ಸಲ ಬೇಕಾದರೂ ಕೇಳಿ, ಅದು ನಿಮ್ಮ ಹಕ್ಕು. ಕೇಳುತ್ತಲೇ ಇರಿ, ಆದರೆ ಬಾಗಿಲಿನ ಚಿಲಕದ ವಿಷಯಕ್ಕೆ ಮಾತ್ರ ಕಾಯಬೇಡಿ.

ಇಷ್ಟು ಹೇಳಿ ಒಬ್ಬೊಬ್ಬಳ ಕೈಗೂ ಒಂದು ಚಿಲಕ, ನಾಲ್ಕು ತಿರುಪು ಮೊಳೆ ಇರುವ ಪೊಟ್ಟಣ ಕೊಡುತ್ತೇನೆ. ಮೊದಮೊದಲು ಹುಡುಗಿಯರು ಕಿಸಕ್ಕೆಂದು ನಗುತ್ತಾರೆ. ಪೆನ್ನು ಕೊಡುವ ಟೀಚರನ್ನು ನೋಡಿದ್ದಾರೆ, ಚಿಲಕ ಕೊಡುವವರನ್ನು ನೋಡಿಲ್ಲ. ಆಮೇಲೆ ಜೂನಿನಲ್ಲೋ ಜುಲೈನಲ್ಲೋ ಯಾವಳೋ ಒಬ್ಬಳ ಫೋನು ಬರುತ್ತದೆ, "ಟೀಚರ್, ಹಾಕ್ದೆ."

ಮಧುಗಿರಿಯ ಹಾರ್ಡ್‌ವೇರ್ ಅಂಗಡಿಯ ಯಜಮಾನರಿಗೆ ಇದು ಗೊತ್ತಿಲ್ಲ. ಪ್ರತಿ ಏಪ್ರಿಲ್ಲಿನಲ್ಲಿ ನಾನು ಹೋಗಿ ಹತ್ತು ಹದಿನೈದು ಚಿಲಕ ಕೇಳಿದಾಗ ಅವರು ಕಟ್ಟಿಕೊಡುತ್ತಾ ನನ್ನ ಮುಖ ನೋಡುತ್ತಾರೆ. ಹೋದ ವರ್ಷ ತಡೆಯಲಾರದೆ ಕೇಳಿಯೇಬಿಟ್ಟರು:

"ಮೇಡಂ, ನಿಮ್ಮನೇಲಿ ಎಷ್ಟು ಬಾಗ್ಲು ಇದಾವೆ?"